ಮಠಾಧಿಪತಿಗಳಿಗಿಂತ ಮೊದಲು ಕಾಲು ತೊಳೆದವಳು

ಪ್ರತಿ ವರ್ಷ ಪವಿತ್ರ ಗುರುವಾರದಂದು ಆರ್ಬೆಕೂರಿನ ಮಠಾಧಿಪತಿಗಳು ಹನ್ನೆರಡು ಮಂದಿ ಬಡವರ ಕಾಲು ತೊಳೆದು, ಒರೆಸಿ, ಮುತ್ತಿಡುತ್ತಿದ್ದರು. ಯೇಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ನಡೆಯುವ ಸೇವೆ ಅದು. ಅಷ್ಟು ದೊಡ್ಡವರು ಇಷ್ಟು ಸಣ್ಣವರ ಮುಂದೆ ಮಂಡಿಯೂರುವುದನ್ನು ನೋಡಲು ಊರಿಗೆ ಊರೇ ಮಠದ ಚರ್ಚಿನಲ್ಲಿ ನೆರೆಯುತ್ತಿತ್ತು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಹಿಂದೆ ಕಂಬಕ್ಕೊರಗಿ ಒಬ್ಬಳು ಮಾತ್ರ ಆಕಳಿಸುತ್ತ ನಿಂತಿರುತ್ತಿದ್ದಳು. ಅವಳು ಎಮೆಲೀನ. ಆ ಕಾಲುಗಳನ್ನೆಲ್ಲ ಬೆಳಿಗ್ಗೆಯೇ ಒಮ್ಮೆ ತಿಕ್ಕಿ ತೊಳೆದು ಕಳಿಸಿದವಳು ಅವಳೇ.

ಇದು ಹಿಂದಿನ ಮಠಾಧಿಪತಿಗಳ ಕಾಲದಲ್ಲಿ ಶುರುವಾದ ಪದ್ಧತಿ. ಅವರದು ಸೂಕ್ಷ್ಮವಾದ ಮೂಗು. ಒಂದು ವರ್ಷ ಹಂದಿ ಕಾಯುವವನೊಬ್ಬನ ಕಾಲಿಗೆ ಮುತ್ತಿಡಲು ಬಾಗಿದವರು ಹಾಗೆಯೇ ನೆಲಕ್ಕೊರಗಿದರು. ಸ್ವಾಮಿಗಳು ಭಕ್ತಿಯಲ್ಲಿ ಮೈಮರೆತರೆಂದು ತಿಳಿದ ಜನ ದೊಡ್ಡ ದನಿಯಲ್ಲಿ ಸ್ತೋತ್ರ ಹಾಡಿದರು. ಮೂರ್ಛೆ ತಿಳಿದು ಕಣ್ಣುಬಿಟ್ಟ ಸ್ವಾಮಿಗಳು, ಮುಂದಿನ ವರ್ಷದಿಂದ ಯಾರಾದರೂ ಮೊದಲೇ ತೊಳೆದು ಕಳಿಸಬೇಕೆಂದು ಕ್ಷೀಣವಾಗಿ ಅಪ್ಪಣೆ ಕೊಟ್ಟರು. ವಿನಯಕ್ಕೂ ಒಂದು ಮಿತಿ ಇರಬೇಕಷ್ಟೆ.

ಎಮೆಲೀನ ಮಠದ ಬಟ್ಟೆ ಒಗೆಯುವವಳು. ಬಲಿಪೀಠದ ಹಾಸಿನಿಂದ ಹಿಡಿದು ಸನ್ಯಾಸಿಗಳ ಒಳಂಗಿಯವರೆಗೆ ಎಲ್ಲವೂ ಅವಳ ಬೂದಿನೀರಿನ ತೊಟ್ಟಿಗೆ ಬೀಳಬೇಕು, ಆಮೇಲೆ ಹೊಳೆಯ ಕಲ್ಲಿನ ಮೇಲೆ ಪೆಟ್ಟು ತಿನ್ನಬೇಕು. ಯಾವ ಸನ್ಯಾಸಿ ಉಪವಾಸದ ದಿನ ಕದ್ದು ತಿಂದಿದ್ದಾನೆ ಎಂಬುದು ದೇವರಿಗಿಂತ ಒಂದು ದಿನ ತಡವಾಗಿ ಅವಳಿಗೂ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ದೇವರು ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿದ್ದ. ಎಮೆಲೀನಳಿಗೆ ಆ ಅಭ್ಯಾಸವಿರಲಿಲ್ಲ. ಅವಳು ಬಾಯಿ ತೆರೆದರೆ ಆಚೆ ದಡದ ಬಾತುಕೋಳಿಗಳು ಎದ್ದು ಹಾರುತ್ತವೆ ಎಂದು ಊರವರು ಆಡಿಕೊಳ್ಳುತ್ತಿದ್ದರು.

ಅವಳ ಗಂಡ ಗೋಬೆರ ಅದೇ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವನು. ನಗುಮುಖದವನು, ಕುಡುಕ. ಹನ್ನೊಂದು ವರ್ಷದ ಸಂಸಾರದಲ್ಲಿ ಒಂದು ದಿನವೂ ಕಾಲು ತೊಳೆದು ಮನೆಯೊಳಗೆ ಬಂದವನಲ್ಲ. ಹೆಂಡತಿ ದಿನವಿಡೀ ಊರಿನ ಕೊಳೆಯೆಲ್ಲ ಒಗೆದು ಬಂದರೆ ಇವನು ಕೆಸರುಗಾಲಲ್ಲೇ ಹಾಸಿಗೆ ಹತ್ತುತ್ತಿದ್ದ. ಒಂದು ಸಂತೆಯ ಸಂಜೆ ಕುಡಿದ ಮತ್ತಿನಲ್ಲಿ ತನ್ನದೇ ದೋಣಿಯಿಂದ ಬಿದ್ದು ಸತ್ತ. ಸಾಯುವವರಿಗೆ ಮಾಡುವಂತೆ ಪಾದ್ರಿ ಬಂದು ಪಾಪ ಕೇಳಿಸಿಕೊಳ್ಳಲು, ಹಣೆಗೆ ಎಣ್ಣೆ ಸವರಲು ಹೊತ್ತೇ ಸಿಗಲಿಲ್ಲ. ಗೋಬೆರ ಹೇಳದೆ ಕೇಳದೆ ಹೊರಟುಹೋದ.

"ನರಕಕ್ಕೆ ಹೋಗೋವಷ್ಟು ಕೆಟ್ಟವನಲ್ಲಮ್ಮ ನಿನ್ನ ಗಂಡ," ಎಂದು ಆಗಿನ ಮುದಿ ಪಾದ್ರಿ ಸಮಾಧಾನ ಹೇಳಿದ್ದರು. "ಶುದ್ಧಾಗ್ನಿಯಲ್ಲಿ ಇರ್ತಾನೆ. ಪಾಪ ಎಲ್ಲ ಸುಟ್ಟುಹೋದ ಮೇಲೆ ಸ್ವರ್ಗಕ್ಕೆ ಬಿಡ್ತಾರೆ. ನೀನಿಲ್ಲಿ ಒಳ್ಳೇ ಕೆಲಸ ಮಾಡಿ ಅದರ ಪುಣ್ಯ ಅವನ ಹೆಸರಿಗೆ ಬಿಟ್ಟರೆ ಬೇಗ ಬಿಡುಗಡೆ."

ಎಮೆಲೀನ ಸ್ವಲ್ಪ ಯೋಚಿಸಿದ್ದಳು. "ನಾನು ಸತ್ತ ಮೇಲೆ ನಾನೂ ಅಲ್ಲಿಗೇ ಹೋಗೋದಾ ಸ್ವಾಮಿ?"

"ನಿನ್ನ ಬಾಯಿ ನೋಡಿದರೆ ಹೌದು."

"ಹಂಗಾದ್ರೆ ನಾನು ಹೋಗೋದ್ರೊಳಗೆ ಅವನು ಅಲ್ಲಿಂದ ಜಾಗ ಖಾಲಿ ಮಾಡ್ಬೇಕು. ಇಲ್ಲಿ ಒಂದ್ಸಲ ಆಯ್ತಲ್ಲ, ಸಾಕು."

ಬಡವರ ಕಾಲು ತೊಳೆಯುವ ಕೆಲಸವನ್ನು ಅವಳು ಕೇಳಿ ಪಡೆದದ್ದು ಆ ವರ್ಷವೇ. ಅವಳಿಗೆ ಅದಕ್ಕಿಂತ ಅಸಹ್ಯದ ಕೆಲಸ ಇನ್ನೊಂದಿರಲಿಲ್ಲ. ಅಸಹ್ಯ ಹೆಚ್ಚಾದಷ್ಟೂ ಪುಣ್ಯ ಹೆಚ್ಚು, ಪುಣ್ಯ ಹೆಚ್ಚಾದಷ್ಟೂ ಗೋಬೆರ ಬೇಗ ಹೊರಡುತ್ತಾನೆ ಎಂಬುದು ಅವಳ ಲೆಕ್ಕಾಚಾರ. ಹಾಗೆ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಹೆಬ್ಬಾಗಿಲ ಪಕ್ಕದ ದಾನಶಾಲೆಯಲ್ಲಿ ಬಿಸಿನೀರಿನ ಹಂಡೆಯಿಟ್ಟು, ಕುರುಚಲು ಬ್ರಷ್ಷು ಹಿಡಿದು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ತಿಕ್ಕುತ್ತಿದ್ದಳು; ತಿಕ್ಕಿದಷ್ಟು ಹೊತ್ತೂ ಬೈಯುತ್ತಿದ್ದಳು. "ಎತ್ತೋ ಕಾಲು! ಎಲ್ಲಿ ಹೊರಳಾಡ್ಕೊಂಡು ಬಂದೆ? ಈ ಕಾಲು ಹಾಸಿಗೆ ಮೇಲಿಡ್ತೀಯಾ ನೀನು, ನಾಚಿಕೆ ಇಲ್ವಾ?" ಹಾಸಿಗೆಯ ಮುಖವನ್ನೇ ಕಾಣದ ಭಿಕ್ಷುಕರಿಗೂ ಹಾಸಿಗೆಯ ಬೈಗುಳ ತಪ್ಪುತ್ತಿರಲಿಲ್ಲ. ಆದರೆ ಹಿಮ್ಮಡಿಯ ಬಿರುಕಿಗೆ ಕುರಿಕೊಬ್ಬು ಸವರದೆ, ಹುಣ್ಣಿಗೆ ಬಟ್ಟೆ ಕಟ್ಟದೆ ಒಬ್ಬನನ್ನೂ ಅವಳು ಏಳಗೊಡುತ್ತಿರಲಿಲ್ಲ.

ಎಲ್ಲ ಸುಖವಾಗಿಯೇ ನಡೆದಿತ್ತು. ಅಷ್ಟರಲ್ಲಿ ಪ್ಯಾರಿಸಿನಿಂದ ರೆನಿಯೇರ ಪಾದ್ರಿ ಬಂದರು.

ರೆನಿಯೇರರಿಗೆ ಇನ್ನೂ ಗಡ್ಡ ಸರಿಯಾಗಿ ಬಲಿತಿರಲಿಲ್ಲ. ಅಲ್ಲಿನ ವಿದ್ಯಾಶಾಲೆಯಲ್ಲಿ ಒಳ್ಳೆಯತನ ಎಂದರೇನು, ಅದು ಮನುಷ್ಯನೊಳಗೆ ಎಲ್ಲಿರುತ್ತದೆ ಎಂಬುದನ್ನೇ ವರ್ಷಗಟ್ಟಲೆ ಓದಿಕೊಂಡು ಬಂದಿದ್ದರು. ಬಟಾಣಿ ಕಾಳು ಕೊಟ್ಟರೆ ಅದನ್ನೂ ನಾಲ್ಕಾಗಿ ಸೀಳಿ, ಯಾವ ಭಾಗ ನಿಜವಾದ ಬಟಾಣಿ ಎಂದು ಕೇಳುವವರು. ಕೆಟ್ಟವರೇನಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೊಳೆಯುವವರೆಗೂ ಊಟ ಬಿಡುತ್ತಿದ್ದರು, ಪಾಪ.

ಈಸ್ಟರಿಗೆ ಮುಂಚೆ ವರ್ಷಕ್ಕೊಮ್ಮೆ ಎಲ್ಲರೂ ಪಾಪನಿವೇದನೆ ಮಾಡಬೇಕು. ಎಮೆಲೀನಳೂ ಸರದಿಯಲ್ಲಿ ನಿಂತು, ತನ್ನ ಪಾಳಿ ಬಂದಾಗ ರೆನಿಯೇರರ ಪಕ್ಕ ಮಂಡಿಯೂರಿದಳು. ಹಿಂದೆ ನಿಂತವರು ಮರ್ಯಾದೆಗೆ ನಾಲ್ಕು ಹೆಜ್ಜೆ ದೂರ ಸರಿದರು. ಕಿವಿಗಳನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದರು.

"ಬೈದಿದೀನಿ ಸ್ವಾಮಿ. ಹೋದ ವರ್ಷದಷ್ಟೇ. ಬರೋ ಗುರುವಾರ ಕಾಲು ತೊಳೆಯೋವಾಗ ಮತ್ತೆ ಬೈತೀನಿ, ಅದನ್ನೂ ಈಗ್ಲೇ ಸೇರಿಸ್ಕೊಂಬಿಡಿ."

ಹಳಬರಾಗಿದ್ದರೆ ಇಷ್ಟಕ್ಕೇ ಕೈಯೆತ್ತಿ ಆಶೀರ್ವಾದ ಮಾಡಿ ಕಳಿಸುತ್ತಿದ್ದರು. ರೆನಿಯೇರರು ಕತ್ತು ಓರೆ ಮಾಡಿದರು. "ತೊಳೆಯೋವಾಗ ನಿಮ್ಮ ಮನಸ್ಸಲ್ಲಿ ಏನಿರುತ್ತಮ್ಮ?"

"ಮನಸ್ಸಲ್ಲಿ ಏನಿರತ್ತೋ ಗೊತ್ತಿಲ್ಲ, ಮೂಗಲ್ಲಿ ವಾಸನೆ ಇರತ್ತೆ."

"ಪ್ರೀತಿ ಇರಲ್ವಾ?"

"ಯಾರ ಮೇಲೆ? ಆ ಕುಂಟ ತಿಬೋ ಮೇಲಾ? ಅವನ ಹಿಮ್ಮಡಿ ನೋಡಿದೀರಾ ನೀವು?"

ಸರದಿಯಲ್ಲಿ ಯಾರೋ ಕಿಸಕ್ಕೆಂದರು. ರೆನಿಯೇರರು ನಗಲಿಲ್ಲ. "ನೋಡಿಯಮ್ಮ, ಕೈ ಮಾಡೋ ಕೆಲಸಕ್ಕೆ ಬೆಲೆ ಬರೋದು ಮನಸ್ಸಿನಿಂದ. ಒಬ್ಬ ಹೆಸರು ಬರಲಿ ಅಂತ ರೊಟ್ಟಿ ಕೊಡ್ತಾನೆ, ಇನ್ನೊಬ್ಬ ಪ್ರೀತಿಯಿಂದ ಕೊಡ್ತಾನೆ. ದೇವರು ನೋಡೋದು ರೊಟ್ಟೀನಲ್ಲ."

"ಹಸಿದವನು ನೋಡೋದು ರೊಟ್ಟೀನೇ ಸ್ವಾಮಿ."

"ಅದು ಹಸಿದವನ ಮಾತಾಯ್ತು. ನಾನು ಹೇಳ್ತಿರೋದು ಕೊಟ್ಟವನ ಆತ್ಮದ ವಿಷಯ. ಇಷ್ಟು ವರ್ಷದ ಪುಣ್ಯ ನಿಮ್ಮ ಗಂಡನ ಹೆಸರಿಗೆ ಬಿಟ್ಟಿದೀರಂತೆ. ಅವನಿಗೆ ಒಳ್ಳೇದಾಗಲಿ ಅಂತಲೇ ತಾನೆ?"

ಎಮೆಲೀನ ಸುಳ್ಳು ಹೇಳಬಹುದಿತ್ತು. ಆದರೆ ಪಾಪ ಕಳೆದುಕೊಳ್ಳಲು ಬಂದ ಜಾಗದಲ್ಲಿ ಹೊಸದೊಂದನ್ನು ಮಾಡುವುದು ಅವಳಿಗೆ ದಂಡ ಅನ್ನಿಸಿತು. "ನಾನು ಅಲ್ಲಿಗೆ ಹೋಗೋದ್ರೊಳಗೆ ಅವನು ಹೊರಟಿರ್ಲಿ ಅಂತ," ಎಂದಳು.

"ಅಂದ್ರೆ ಅವನ ಸುಖಕ್ಕಲ್ಲ. ನಿಮಗೆ ತೊಂದರೆ ಆಗಬಾರದು ಅಂತ."

"ಹೂಂ."

ರೆನಿಯೇರರು ಉಗುರು ಕಚ್ಚಿದರು. ಅವರಿಗೂ ಸಂಕಟವಾಗಿತ್ತು, ಆದರೆ ಸುಳ್ಳು ಹೇಳಲು ಅವರಿಗೂ ಬರುತ್ತಿರಲಿಲ್ಲ. "ಹಾಗಾದ್ರೆ ಆ ಪುಣ್ಯ ಅವನಿಗೆ ತಲುಪಿದೆ ಅಂತ ನಾನು ಹೇಳಲಾರೆನಮ್ಮ."

ಎಮೆಲೀನ ದಡಕ್ಕನೆ ಎದ್ದಳು, ಆಶೀರ್ವಾದಕ್ಕೂ ಕಾಯದೆ ಹೊರಗೆ ಬಂದಳು.

ಆ ವಾರವಿಡೀ ಹೊಳೆಯ ದಂಡೆ ತಣ್ಣಗಿತ್ತು. ಬಾತುಕೋಳಿಗಳು ನೆಮ್ಮದಿಯಾಗಿ ತೇಲಿಕೊಂಡಿದ್ದವು. ಎಮೆಲೀನ ಬಟ್ಟೆ ಹಿಂಡುತ್ತ ಒಂದನ್ನೇ ಯೋಚಿಸುತ್ತಿದ್ದಳು: ಇಪ್ಪತ್ತು ವರ್ಷದಿಂದ ಗೋಬೆರ ಅಲ್ಲಿ ಬೇಯುತ್ತ ನಿಂತಿದ್ದಾನೆ, ಇವತ್ತು ಬರಬಹುದು, ನಾಳೆ ಬರಬಹುದು ಎಂದು ದಾರಿ ನೋಡಿದ್ದಾನೆ, ಏನೂ ಬಂದಿಲ್ಲ. ಆಚೆ ದಡದಲ್ಲಿ ನಿಂತು ದೋಣಿಗಾಗಿ ಕೂಗುತ್ತಾರಲ್ಲ ಜನ, ಹಾಗೆ. ಬೇರೆಯವರನ್ನು ಕಾಯಿಸಿ ಗೊತ್ತೇ ಹೊರತು ತಾನು ಕಾದು ಗೊತ್ತಿಲ್ಲದ ಮನುಷ್ಯ. ಅವಳಿಗೆ ಅಳು ಬಂತು. ಅವನಿಗಾಗಿ ಅಳುತ್ತಿದ್ದೇನೆ ಎಂಬುದಕ್ಕೆ ಸಿಟ್ಟೂ ಬಂತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. ಹೋದ ವರ್ಷಗಳು ಹೋದವು, ಈ ಒಂದು ವರ್ಷದ್ದಾದರೂ ನೆಟ್ಟಗೆ ತಲುಪಬೇಕು. ಈ ಸಲ ಪ್ರೀತಿಯಿಂದಲೇ ತೊಳೆಯುವುದು, ಏನೇ ಆಗಲಿ.

ಗುರುವಾರ ಬೆಳಿಗ್ಗೆ ದಾನಶಾಲೆಯ ಬಾಗಿಲಲ್ಲಿ ಹನ್ನೆರಡು ಮಂದಿ ಸಾಲಾಗಿ ನಿಂತಿದ್ದರು. ಅವರಲ್ಲಿ ಎಲ್ಲರಿಗಿಂತ ಹಳಬ ಕುಂಟ ತಿಬೋ. ಒಂದು ಕಾಲದಲ್ಲಿ ಗೋಬೆರನ ದೋಣಿಯಲ್ಲಿ ಸಾಮಾನು ಹೊರುತ್ತಿದ್ದವನು, ಕಾಲು ಮುರಿದ ಮೇಲೆ ಮಠದ ಬಾಗಿಲೇ ಗತಿಯಾದವನು. ಅವನು ಅಭ್ಯಾಸದಂತೆ ಬೈಗುಳಕ್ಕೆ ತಲೆ ತಗ್ಗಿಸಿಕೊಂಡು ಬಂದು ಕೂತ.

"ಬಾ ತಿಬೋ ಅಣ್ಣ," ಎಂದಳು ಎಮೆಲೀನ, ಜೇನಿನಂಥ ದನಿಯಲ್ಲಿ. "ಚೆನ್ನಾಗಿದೀಯಾ?"

ತಿಬೋ ಬೆಚ್ಚಿಬಿದ್ದ. ಹಿಂದೆ ತಿರುಗಿ ಉಳಿದವರ ಮುಖ ನೋಡಿದ. "ಏನಾಯ್ತಕ್ಕ? ಈ ವರ್ಷ ಊಟ ಇಲ್ವಾ?"

"ಊಟ ಇದೆ. ಕಾಲು ಕೊಡಣ್ಣ."

"ಮತ್ತೆ ಯಾರು ಸತ್ರು?"

ಎಮೆಲೀನ ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟರೆ ಹಿಮ್ಮಡಿ ಕಾಣುತ್ತದೆ, ಹಿಮ್ಮಡಿ ಕಂಡರೆ ಪ್ರೀತಿ ಓಡಿಹೋಗುತ್ತದೆ. ಆದ್ದರಿಂದ ಕಣ್ಣು ಮುಚ್ಚಿಕೊಂಡೇ ಪ್ರೀತಿಯನ್ನು ಕರೆಯುತ್ತ, ತುಟಿಯಲ್ಲಿ ಜಪ ಮಾಡುತ್ತ, ಮೆಲ್ಲಮೆಲ್ಲನೆ ನೀರು ಸವರಿದಳು. ಪ್ರೀತಿ ಬರಲು ತಡಮಾಡಿತು. ಅಷ್ಟರಲ್ಲಿ ಹಂಡೆಯ ನೀರು ಆರಿತು. ಒಬ್ಬನ ಎಡಗಾಲನ್ನೇ ಮೂರು ಸಲ ತೊಳೆದಳು, ಬಲಗಾಲಿಗೆ ಹನಿಯೂ ಬೀಳಲಿಲ್ಲ. ಕುರಿಕೊಬ್ಬಿನ ಬಟ್ಟಲು ಮುಚ್ಚಳ ತೆಗೆಯದೆ ಕೂತಿತ್ತು.

"ಅಕ್ಕ, ಬ್ರಷ್ಷು ಹಾಕಕ್ಕ," ಎಂದ ಒಬ್ಬ.

"ನೋವಾಗತ್ತಪ್ಪ."

"ಇಷ್ಟು ವರ್ಷ ಆಗ್ಲಿಲ್ವಾ ನೋವು? ಇವತ್ತೇನು ಹೊಸ್ದು? ಎರಡು ಬೈದು ತಿಕ್ಕು ಮಾರಾಯ್ತಿ, ಚಳಿ ಆಗ್ತಿದೆ."

ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. ಹನ್ನೆರಡು ಮಂದಿಯೂ ತಂದ ಕೆಸರಿನ ಮುಕ್ಕಾಲು ಪಾಲನ್ನು ಜೋಪಾನವಾಗಿ ಹೊತ್ತುಕೊಂಡೇ ಒಳಗೆ ಹೋದರು.

ಈಗಿನ ಮಠಾಧಿಪತಿಗಳು ಒಳ್ಳೆಯ ಮನಸ್ಸಿನವರು, ಹೊಟ್ಟೆಯೂ ಹಾಗೆಯೇ ವಿಶಾಲ. ಮೊದಲನೆಯವನ ಮುಂದೆ ಕಷ್ಟಪಟ್ಟು ಮಂಡಿಯೂರಿ, ಕಾಲ ಮೇಲೆ ನೀರು ಹೊಯ್ದರು. ಬೆಳ್ಳಿಯ ಬೋಗುಣಿಯ ನೀರು ಕಪ್ಪಾಯಿತು. ಇಷ್ಟು ವರ್ಷದಲ್ಲಿ ಅವರು ಆ ನೀರು ಕಪ್ಪಾದದ್ದನ್ನು ಕಂಡಿರಲಿಲ್ಲ. ಬೋಗುಣಿ ಹಿಡಿದಿದ್ದ ರೆನಿಯೇರರ ಮುಖ ನೋಡಿದರು.

"ಏನಯ್ಯಾ ಇದು?"

"ಕೆಸರು ಸ್ವಾಮಿ."

"ಕೆಸರು ಅಂತ ನನಗೂ ಕಾಣ್ತಿದೆ. ಬೇರೆ ನೀರು ತರಿಸು."

ಇನ್ನು ಬಿಡುವಂತಿಲ್ಲ, ಊರೇ ನೋಡುತ್ತಿದೆ. ಮಠಾಧಿಪತಿಗಳು ತೋಳು ಮಡಿಸಿ ನಿಜವಾಗಿಯೂ ತೊಳೆಯತೊಡಗಿದರು. ಹಾಡುವ ಸನ್ಯಾಸಿಗಳು ಇದ್ದ ಸ್ತೋತ್ರವನ್ನೆಲ್ಲ ಹಾಡಿ ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿ, ಅದೂ ಮುಗಿದು ಒಬ್ಬರ ಮುಖ ಒಬ್ಬರು ನೋಡಿದರು. ಅಡುಗೆಮನೆಯಲ್ಲಿ ಒಣಮೀನಿನ ಸಾರು ಆರಿಹೋಯಿತು. ಸ್ವಾಮಿಗಳ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಕೊನೆಗೆ ತಿಬೋನ ಸರದಿ ಬಂತು. ಅವನ ಹಿಮ್ಮಡಿಯನ್ನು ಬೆರಳಿಂದ ತಿಕ್ಕಿದರು, ಉಗುರಿಂದ ಕೆರೆದರು. ತಿಬೋ ಕಚಗುಳಿ ತಡೆಯಲಾರದೆ ಕಾಲು ಎಳೆದುಕೊಂಡ. ಎರಡು ಸ್ತೋತ್ರಗಳ ನಡುವೆ ಚರ್ಚು ನಿಶ್ಶಬ್ದವಾಗಿದ್ದ ಹೊತ್ತಿಗೇ ಸರಿಯಾಗಿ ಮಠಾಧಿಪತಿಗಳ ಬಾಯಿಂದ ಹೊರಟೇ ಹೋಯಿತು: "ನೆಟ್ಟಗೆ ಕೊಡೋ ಕಾಲು, ಕತ್ತೆ ಬಡವಾ!"

ಮಾತು ಕಮಾನಿಗೆ ತಗುಲಿ ಇನ್ನೊಮ್ಮೆ ಕೇಳಿಸಿತು. ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರು ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡರು. ಮಠಾಧಿಪತಿಗಳು ಕೆಂಪಾಗಿ, ಕಾಲು ಬಿಡದೆ ತಿಕ್ಕಿ ಮುಗಿಸಿ, ಚೊಕ್ಕವಾದ ಹಿಮ್ಮಡಿಗೆ ಸದ್ದು ಬರುವಂತೆ ಮುತ್ತಿಟ್ಟರು. ಕಂಬದ ಹಿಂದೆ ಎಮೆಲೀನ ಆ ದಿನ ಆಕಳಿಸಲಿಲ್ಲ. ಕೆಲಸವೂ ಕೆಟ್ಟಿತು, ಪ್ರೀತಿಯೂ ಬರಲಿಲ್ಲ, ಗೋಬೆರನಿಗೆ ಈ ವರ್ಷವೂ ಏನೂ ಇಲ್ಲ ಎಂದುಕೊಂಡು ಹೊಳೆಯ ಕಡೆ ನಡೆದಳು.

ಆ ಮಧ್ಯಾಹ್ನ ಬಲಿಪೀಠಗಳ ಹಾಸುಗಳನ್ನೆಲ್ಲ ತೆಗೆದು ಒಗೆಯಲು ಕಳಿಸುವುದು ವಾಡಿಕೆ. ಅವಳು ಅವನ್ನು ನೀರಿಗಿಳಿಸಿ ಸುಮ್ಮನೆ ಕೂತಿದ್ದಾಗ ತಿಬೋ ಕುಂಟುತ್ತ ಬಂದ. ಅವನ ಹಿಂದೆಯೇ, ಏನಾಯಿತೆಂದು ವಿಚಾರಿಸಲು ರೆನಿಯೇರರೂ ಬಂದರು.

"ಹುಣ್ಣಿಗೆ ಬಟ್ಟೆ ಕಟ್ಲಿಲ್ಲ ನೀನು," ಎಂದ ತಿಬೋ, ಅವಳ ಮುಂದೆ ಕಾಲು ಚಾಚಿ ಕೂತು. "ಸ್ವಾಮಿಗಳು ಕೆರೆದ್ರು ನೋಡು, ಪ್ರಾಣ ಹೋಯ್ತು."

"ಬಿಡೋ. ನನ್ನಿಂದ ಆಗಲ್ಲ ಇನ್ನು." ಎಮೆಲೀನ ರೆನಿಯೇರರತ್ತ ತಿರುಗಿದಳು. "ಪ್ರೀತಿ ಮಾಡಿ ನೋಡ್ದೆ ಸ್ವಾಮಿ. ಬರ್ಲಿಲ್ಲ. ಇಷ್ಟು ವರ್ಷ ಅವನು ಅಲ್ಲಿ ಬೇಯ್ತಾ ನಿಂತಿದ್ದ, ನಾನು ಇಲ್ಲಿ ಬೈಕೊಂಡು ಕೂತಿದ್ದೆ. ಒಂದು ತೊಟ್ಟು ತಲುಪ್ಲಿಲ್ಲ ಅವನಿಗೆ."

"ಯಾರಿಗೆ?" ಎಂದ ತಿಬೋ.

"ಗೋಬೆರನಿಗೆ ಕಣೋ, ಇನ್ಯಾರಿಗೆ."

"ಓ. ನನಗೆ ಅಂದ್ಕೊಂಡೆ."

"ನಿನಗ್ಯಾಕೆ?"

"ನನ್ನನ್ನ ಗೋಬೆರ ಅಂತಲ್ವಾ ನೀನು ಕರೆಯೋದು?" ತಿಬೋ ಪಾದ್ರಿಗಳಿಗೆ ವಿವರಿಸಿದ. "ಇವತ್ತು ಬೆಳಿಗ್ಗೆ ತಿಬೋ ಅಣ್ಣ ಅಂದ್ಲು ನೋಡಿ ಸ್ವಾಮಿ, ಕೈಕಾಲು ನಡುಗಿಬಿಡ್ತು. ಅಲ್ಲಿ ಕೂತ ಮೇಲೆ ಯಾವತ್ತೂ ನಾನು ಗೋಬೆರನೇ. 'ಎತ್ತೋ ಕಾಲು ಗೋಬೆರ, ನಾಚಿಕೆ ಇಲ್ವಾ ಗೋಬೆರ.' ನಾನೊಬ್ನೇ ಅಲ್ಲ, ಹನ್ನೆರಡೂ ಜನ. ಹೊಸಬರು ಬಂದ್ರೆ ನಾವೇ ಹೇಳಿ ಒಳಗೆ ಕಳಿಸ್ತೀವಿ, ಇವತ್ತೊಂದಿನ ನಿನ್ನ ಹೆಸ್ರು ಗೋಬೆರ, ಎದುರು ಮಾತಾಡ್ಬೇಡ ಅಂತ."

"ಸುಳ್ಳು," ಎಂದಳು ಎಮೆಲೀನ.

"ಅಡುಗೆಯವರನ್ನ ಕೇಳು ಬೇಕಾದ್ರೆ. ಅಡುಗೆಮನೆವರೆಗೂ ಕೇಳ್ಸತ್ತೆ."

ರೆನಿಯೇರರು ಒದ್ದೆ ಕಲ್ಲೆಂಬುದನ್ನೂ ನೋಡದೆ ಅಲ್ಲೇ ಕೂತುಬಿಟ್ಟರು. ಉಗುರು ಬಾಯಿಗೆ ಹೋಯಿತು, ವಾಪಸು ಬಂತು. "ಎಮೆಲೀನಮ್ಮ, ನಾನು ತಪ್ಪು ಪ್ರಶ್ನೆ ಕೇಳಿದೆ ಅನ್ಸುತ್ತೆ," ಎಂದರು. "ಈಗ ಸರಿಯಾಗಿ ಕೇಳ್ತೀನಿ. ಕಾಲು ಯಾರದೇ ಇರಲಿ, ಇಷ್ಟು ವರ್ಷ ನೀವು ತೊಳೀತಿದ್ದದ್ದು ಯಾರ ಕಾಲು?"

ನೀರಿನಲ್ಲಿ ಹಾಸು ಬಿಚ್ಚಿಕೊಂಡು ತೇಲಿತು, ಅವಳು ಹಿಡಿಯಲಿಲ್ಲ.

"ಹನ್ನೊಂದು ವರ್ಷ ಹೇಳ್ದೆ ಸ್ವಾಮಿ, ತೊಳ್ಕೊಂಡು ಬಾರೋ ಅಂತ," ಎಂದಳು ಕೊನೆಗೆ. "ಒಂದಿನ ಕೇಳ್ಲಿಲ್ಲ. ಅವತ್ತು ಹೊಳೆಯಿಂದ ಎತ್ಕೊಂಡು ಬಂದು ಮನೇಲಿ ಮಲಗಿಸಿದ್ರಲ್ಲ, ನಾನು ನೀರು ಬಿಸಿ ಮಾಡ್ಕೊಂಡು ಹೋದೆ. ಎಷ್ಟು ಚೊಕ್ಕ ಇತ್ತು ಗೊತ್ತಾ ಅವನ ಕಾಲು. ರಾತ್ರಿಯೆಲ್ಲ ಹೊಳೆ ತೊಳೆದುಬಿಟ್ಟಿತ್ತು. ನನಗೆ ಮಾಡೋಕೆ ಏನೂ ಉಳಿದಿರ್ಲಿಲ್ಲ."

ತಿಬೋ ಟೋಪಿ ತೆಗೆದ.

"ತಲುಪಿದೆ," ಎಂದರು ರೆನಿಯೇರರು. "ಪ್ಯಾರಿಸಲ್ಲಿ ನಾನು ಕಲಿತದ್ದು ಒಂದಕ್ಷರ ನಿಜವಾಗಿದ್ರೂ ಅದು ತಲುಪಿದೆ. ಒಂದು ಕಾಲಿನದೂ ಬಿಡದೆ."

"ಖಂಡಿತಾನಾ?"

"ಖಂಡಿತ."

ಎಮೆಲೀನ ಮುಂಗೈಯಿಂದ ಮುಖ ಒರೆಸಿಕೊಂಡಳು. ನಿಟ್ಟುಸಿರು ಬಿಟ್ಟಳು. ಮರುಕ್ಷಣವೇ ಅವಳ ಹುಬ್ಬು ಗಂಟಿಕ್ಕಿತು. "ತಲುಪಿದ್ರೆ ತಲುಪ್ತು ಅಂತ ಕನಸಲ್ಲಾದ್ರೂ ಬಂದು ಒಂದು ಮಾತು ಹೇಳೋಕೆ ಏನಾಗಿತ್ತು ಅವನಿಗೆ? ಬದುಕಿದ್ದಾಗ್ಲೂ ಹಿಂಗೇ! ಊಟ ಆಯ್ತಾ ಅಂದ್ರೆ ಉತ್ತರ ಇಲ್ಲ!" ಆಚೆ ದಡದಿಂದ ಬಾತುಕೋಳಿಗಳು ಎದ್ದವು. "ಕೊಡೋ ಇಲ್ಲಿ ಕಾಲು!" ಎಂದು ತಿಬೋನ ಕಾಲನ್ನು ಎಳೆದು ಮಡಿಲಿಗೆ ಹಾಕಿಕೊಂಡು ಹುಣ್ಣು ತೊಳೆಯತೊಡಗಿದಳು. ತಿಬೋ ಅಯ್ಯೋ ಅಪ್ಪಾ ಎಂದು ಕೂಗಿದ, ಮುಖದ ತುಂಬ ಸುಖವಿತ್ತು.

ಬಟ್ಟೆ ಕಟ್ಟಿ ಗಂಟು ಹಾಕುವಾಗ ಅವಳ ಕೈ ನಿಂತಿತು. "ಹಂಗಾದ್ರೆ ಸ್ವಾಮಿ, ಅವನು ಈಗ ಶುದ್ಧಾಗ್ನಿಯಲ್ಲಿಲ್ಲ?"

"ಇರಲಾರ. ಯಾವತ್ತೋ ಮೇಲೆ ಹೋಗಿರ್ಬೇಕು."

"ನಾನು ಹೋದಾಗ ಅಲ್ಲಿರಲ್ಲ."

"ಇರಲ್ಲ. ನೀವು ಕೇಳಿಕೊಂಡದ್ದು ಅದೇ ಅಲ್ವಾ?"

"ಹೂಂ, ಅದೇ," ಎಂದಳು ಎಮೆಲೀನ. ಸಂತೋಷಪಡಬೇಕಾದವಳು ಯಾಕೋ ಹೊಳೆಯ ಕಡೆ ನೋಡುತ್ತ ಕೂತಳು. "ಅಷ್ಟು ದಿನ ಅಲ್ಲಿ ನಾನೊಬ್ಳೇ ಇರ್ಬೇಕು."

"ನಾನಿರ್ತೀನಲ್ಲ ಅಕ್ಕ," ಎಂದ ತಿಬೋ.

"ನೀನಿದ್ರೆ ನರಕಾನೇ ವಾಸಿ ಕಣೋ."

ಮುಂದಿನ ವರ್ಷದಿಂದ ದಾನಶಾಲೆಯಲ್ಲಿ ಎರಡು ಹಂಡೆ ಬಿಸಿನೀರು ಕಾಯಿಸಬೇಕೆಂದು ಮಠಾಧಿಪತಿಗಳೇ ಹೇಳಿ ಕಳಿಸಿದರು. ಬೈಗುಳ ಮೊದಲಿನಂತೆಯೇ ಗೋಡೆ ದಾಟಿ ಅಡುಗೆಮನೆಗೆ ಕೇಳಿಸುತ್ತಿತ್ತು, ಹನ್ನೆರಡು ಮಂದಿಯೂ ಗೋಬೆರರಾಗಿ ಒಳಗೆ ಹೋಗಿ ಚೊಕ್ಕವಾಗಿ ಹೊರಬರುತ್ತಿದ್ದರು. ಎಮೆಲೀನ ಇನ್ನೂ ಕೆಲವು ವರ್ಷ, ಮಂಡಿ ಬಗ್ಗುವಷ್ಟು ಕಾಲವೂ, ಆ ಕೆಲಸ ಬಿಡಲಿಲ್ಲ.

ಆ ಕೆಸರಿನ ಗುರುವಾರದ ಮರುವರ್ಷ, ಈಸ್ಟರಿಗೆ ಮುಂಚಿನ ತಪಸ್ಸುಕಾಲ ಮುಗಿಯುವ ಹೊತ್ತಿಗೆ ಅವಳು ಪಾಪನಿವೇದನೆಗೆ ಬಂದಾಗ ರೆನಿಯೇರರಿಗೆ ಕುತೂಹಲ ತಡೆಯಲಾಗಲಿಲ್ಲ. "ಈ ಸಲದ ಪುಣ್ಯ ಯಾರ ಹೆಸರಿಗಮ್ಮ?" ಎಂದು ಕೇಳಿದರು.

"ನನ್ನ ಹೆಸರಿಗೇ ಇರ್ಲಿ ಸ್ವಾಮಿ. ಶುದ್ಧಾಗ್ನಿಯಲ್ಲಿ ತುಂಬಾ ದಿನ ಕೂರೋಕೆ ನನಗೆ ಪುರುಸೊತ್ತಿಲ್ಲ."

"ಯಾಕೆ, ಬೆಂಕಿ ಭಯಾನಾ?"

"ಬೂದಿನೀರಲ್ಲಿ ಕೈ ಬೇಯಿಸ್ಕೊಂಡೋಳಿಗೆ ಬೆಂಕಿ ಏನ್ ಮಾಡತ್ತೆ?" ಎ‌ಮೆಲೀನ ಸುತ್ತ ನೋಡಿ, ಸರದಿಯಲ್ಲಿದ್ದವರಿಗೆ ಕೇಳಿಸಬಾರದೆಂದು ಜೀವನದಲ್ಲಿ ಮೊದಲ ಸಲ ದನಿ ತಗ್ಗಿಸಿದಳು. "ಅಷ್ಟು ಚೊಕ್ಕ ಜಾಗದಲ್ಲಿ ಅವನು ಒಬ್ನೇ ಇದಾನೆ ಸ್ವಾಮಿ. ಕಾಲು ತೊಳ್ಕೋ ಅಂತ ಹೇಳೋರು ಯಾರೂ ಇಲ್ಲ."